ಕಪ್ಪತಗುಡ್ಡಕ್ಕೆ ಬುತ್ತಿ, ಬಡಿಗೆ, ಬ್ಯಾಟರಿ

ಗುಡ್ಡ ನಡೆಯಲು ಹೊರಟವರು ನನಗೆ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಲ್ಲಿ ಚಿರತಿ ಅದಾವಂತಲ್ರೀ?" ಎರಡನೆಯದು ಬ್ಯಾಗಿನ ಬಗ್ಗೆ: ಯಾವ ಕಂಪನಿಯದು ಒಳ್ಳೆಯದು, ಎಷ್ಟು ದೊಡ್ಡದಿರಬೇಕು. ನೀರು ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಂದಿ. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಎರಡು ಮೂರು ದಿನ ಕಾಲ್ನಡಿಗೆಯಲ್ಲಿ ತಿರುಗುವವರು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಗದುಗಿನ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 60 ಕಿಲೊಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಗುಡ್ಡಸಾಲು ಕಪ್ಪತಗುಡ್ಡ. ದೂರದಿಂದ ನೋಡಿದರೆ ಮಲೆನಾಡಿನ ತುಂಡೊಂದು ಬಯಲಿಗೆ ಬಂದು ಬಿದ್ದಂತೆ ಕಾಣುತ್ತದೆ. ಮಳೆಗಾಲ ಮುಗಿಯುವ ಹೊತ್ತಿನ ಹಸಿರು ಚಿತ್ರಗಳನ್ನು ನೋಡಿ, ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೊರಟಂತೆ ಸಾಮಾನು ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಮಳೆ ಕೆಲವೇ ದಿನಗಳಲ್ಲಿ ಬಂದು ಹೋಗುತ್ತದೆ. ಮಲೆನಾಡಿನ ಚಾರಣದಲ್ಲಿ ಜಿಗಣೆ, ಜಾರುವ ಬಂಡೆ, ನೆಂದ ಬಟ್ಟೆಗಳ ಚಿಂತೆ. ಇಲ್ಲಿ ನೆರಳಿಲ್ಲದ ದಾರಿ, ಕುರುಚಲು ಮುಳ್ಳು, ಎಡೆಬಿಡದ ಗಾಳಿ. ಗಾಳಿಗುಂಡಿ ಬಸವಣ್ಣನ ನೆತ್ತಿಯ ಮೇಲೆ ನಿಂತವರಿಗೆ ಆ ಹೆಸರು ಏಕೆ ಬಂತೆಂದು ಹೇಳಬೇಕಿಲ್ಲ. ಡೋಣಿ, ಡಂಬಳದ ಕಡೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೂ ಅದನ್ನೇ ಹೇಳುತ್ತವೆ. ಗಾಳಿ ಬೆವರನ್ನು ಮೈಮೇಲೆ ನಿಲ್ಲಗೊಡುವುದಿಲ್ಲ. ಮೈ ತಂಪಾಗಿದೆ ಅನ್ನಿಸುತ್ತಿರುವಾಗಲೇ ಒಳಗಿನ ನೀರು ಇಳಿದಿರುತ್ತದೆ. ತಲೆ ಸಿಡಿಯಲು ಶುರುವಾದ ಮೇಲೆ ಬಾಟಲಿ ಹುಡುಕಿದರೆ ಹೊತ್ತು ಮೀರಿರುತ್ತದೆ.

ವರ್ಷಗಳ ಹಿಂದೆ ಡೋಣಿ ಕಡೆಯ ಇಳಿಜಾರಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜ ಒಬ್ಬರು ಹೇಳಿದ್ದನ್ನು ನಾನು ಇವತ್ತಿಗೂ ಪಾಲಿಸುತ್ತೇನೆ. "ನೀರ ಎಲ್ಲಿ ಐತಿ ಅನ್ನೂದು ಗೊತ್ತಿಲ್ಲದಾಂವ ಗುಡ್ಡದಾಗ ಕಾಲ ಇಡಬಾರದು ತಮ್ಮಾ. ಇದ್ದ ನೀರ ಅರ್ಧಕ್ಕ ಬಂತಂದ್ರ ಹೊಳ್ಳಿ ನಡದ ಬಿಡು." ಅರ್ಧ ನೀರಿಗೆ ಹಿಂದಿರುಗುವುದು. ಇದಕ್ಕಿಂತ ಸರಳವಾದ, ಇದಕ್ಕಿಂತ ಗಟ್ಟಿಯಾದ ಲೆಕ್ಕವನ್ನು ನಾನು ಯಾವ ಚಾರಣದ ಪುಸ್ತಕದಲ್ಲೂ ಓದಿಲ್ಲ.

ನಮ್ಮ ಸೀಮೆಯಲ್ಲಿ ದೂರದ ನಡಿಗೆ ಹೊಸತೇನಲ್ಲ. ಕುರಿಗಾರರು ಹಿಂಡಿನ ಜೊತೆ ವರ್ಷದ ಬಹುಪಾಲು ನಡೆಯುತ್ತಲೇ ಇರುತ್ತಾರೆ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಹರಕೆ ಹೊತ್ತವರು ಹುಲಿಗೆಮ್ಮನಿಗೆ, ಯುಗಾದಿಗೆ ಮುಂಚೆ ಮುನ್ನೂರು ನಾನೂರು ಕಿಲೊಮೀಟರ್ ದೂರದ ಶ್ರೀಶೈಲಕ್ಕೆ ಕಂಬಿ ಹೊತ್ತು ಜನ ನಡೆಯುತ್ತಾರೆ. ಅವರಲ್ಲಿ ಕೆಲವರು ಮರಗಾಲು ಕಟ್ಟಿಕೊಂಡು ಹೋಗುವುದನ್ನೂ ಕಂಡಿದ್ದೇವೆ. ಸಾಮಾನಿನ ಬಗ್ಗೆ, ಪ್ರಾಣಿಗಳ ಬಗ್ಗೆ ಈ ಇಬ್ಬರಿಗೂ, ಕುರಿಗಾರರಿಗೂ ಪಾದಯಾತ್ರಿಗಳಿಗೂ, ಗೊತ್ತಿರುವುದು ಅಂಗಡಿಯ ಪಟ್ಟಿಯಲ್ಲಿ ಇರುವುದಿಲ್ಲ. ಹಾಗೆಂದು ಅವರು ಮಾಡುವುದೆಲ್ಲ ಸರಿಯೆಂದೂ ನಾನು ಹೇಳುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನೀರಿನ ಲೆಕ್ಕ ಮುಗಿಸೋಣ. ಚಳಿಗಾಲದಲ್ಲೂ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕು. ಬಿಸಿಲು ಏರಿದರೆ ಐದಕ್ಕೂ ಮೇಲೆ. ಲೀಟರಿಗೆ ಒಂದು ಕಿಲೊ ತೂಕ. ಹೊರುವ ಗಂಟು ನಿಮ್ಮ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ನಡೆಯುವವರ ಸಾಮಾನ್ಯ ಅಳತೆ. 60 ಕಿಲೊ ತೂಗುವವರಿಗೆ ಅದು 12 ಕಿಲೊ. ಅದರಲ್ಲಿ ನೀರಿಗೇ ನಾಲ್ಕೈದು ಹೋದರೆ ಉಳಿದದ್ದಕ್ಕೆ ಏಳು ಕಿಲೊ. ಆದ್ದರಿಂದ ಇಲ್ಲಿ ದೊಡ್ಡ ಬ್ಯಾಗು ಕೊಳ್ಳುವುದೇ ತಪ್ಪು. ಚೀಲ ದೊಡ್ಡದಿದ್ದರೆ ಅದನ್ನು ತುಂಬುವ ಮನಸ್ಸಾಗುತ್ತದೆ, ತುಂಬಿದ ಮೇಲೆ ನೀರಿಗೆ ಜಾಗವಿರುವುದಿಲ್ಲ. ಸೊಂಟಕ್ಕೆ ಅಗಲ ಪಟ್ಟಿ ಇರುವ, 40 ಲೀಟರಿನೊಳಗಿನ ಚೀಲ ಸಾಕು. ನೀರನ್ನು ಒಂದೇ ಕ್ಯಾನಿನಲ್ಲಿ ಹಾಕಬೇಡಿ. ಒಡೆದರೆ ಎಲ್ಲವೂ ಹೋಯಿತು. ಕೆರೆಯ ನೀರು ಕುಡಿಯಬೇಕಾಗಿ ಬಂದರೆ ಮಡಚಿದ ಬಟ್ಟೆಯಲ್ಲಿ ಸೋಸಿ, ಕುದಿಸಿ ಅಥವಾ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ತಾಸು ಬಿಟ್ಟು ಕುಡಿಯಿರಿ. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕುದಿಸಿದರೆ ಹೋಗುವಂಥದ್ದಲ್ಲ. ಎರಡು ದಿನ ನಡೆದು ಹೋಗುವವರಿಗೆ ಅದರಿಂದ ಕೆಡುಕಿಲ್ಲ. ದಿನವೂ ಅದನ್ನೇ ಕುಡಿಯುವ ಹಳ್ಳಿಗಳ ಜನರ ಹಲ್ಲು, ಮೂಳೆಗಳಿಗೆ ಆಗುವ ಹಾನಿ ಮಾತ್ರ ಈ ನಾಡಿನ ದೊಡ್ಡ ನೋವು. ಊರಲ್ಲಿ ಶುದ್ಧ ನೀರಿನ ಘಟಕ ಕಂಡರೆ ಅಲ್ಲೇ ಬಾಟಲಿ ತುಂಬಿಕೊಳ್ಳಿ.

ಬರೀ ನೀರು ಕುಡಿದರೂ ಸಾಲದು, ಉಪ್ಪು ಬೇಕು. ಓಆರ್‌ಎಸ್ ಪೊಟ್ಟಣ ನಾಲ್ಕಿರಲಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಈ ಅಳತೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಜೊತೆಗಾರರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಚರ್ಮ ಕಾದ ತವೆಯಂತಾದರೆ ಅದು ಬರೀ ದಣಿವಲ್ಲ, ಬಿಸಿಲಿನ ಹೊಡೆತ. ಸಿಕ್ಕ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಚ್ಚಿ ಗಾಳಿ ಬೀಸಿ, 108ಕ್ಕೆ ಫೋನು ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಖಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವಿಲ್ಲ, ಒಲೆ ಬೇಡ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇವುಗಳಲ್ಲಿ ಎಣ್ಣೆಯ ಅಂಶವೂ ಉಪ್ಪೂ ಖಾರವೂ ಒಟ್ಟಿಗೇ ಇವೆ. ಗೋಧಿಯ ಮಾದಲಿ ಒಂದು ಮುಷ್ಟಿ ತಿಂದು ನೀರು ಕುಡಿದರೆ ಎರಡು ತಾಸಿನ ಹಾದಿ ಸಾಗುತ್ತದೆ. ಜೊತೆಗೆ ಉಳ್ಳಾಗಡ್ಡಿ, ಬೆಲ್ಲ, ಶೇಂಗಾ ಉಂಡಿ. ಇದು ಹಳ್ಳಿಯ ಮೇಲಿನ ಅಭಿಮಾನದಿಂದ ಹೇಳುತ್ತಿರುವುದಲ್ಲ. ಒಲೆ ಹೊತ್ತಿಸದೆ ಊಟ ಆಗುತ್ತದೆ ಎಂಬುದೇ ಕಪ್ಪತಗುಡ್ಡದಲ್ಲಿ ಇದರ ದೊಡ್ಡ ಗುಣ. ಸಂಕ್ರಾಂತಿ ದಾಟಿದ ಮೇಲೆ ಗುಡ್ಡದ ತುಂಬ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಬೆಂಕಿ ಬೀಳುವುದು ಹೆಚ್ಚುಕಡಿಮೆ ಪ್ರತಿ ವರ್ಷದ ಸುದ್ದಿ. ಆ ಗಾಳಿಗೆ ಒಂದು ಬೀಡಿಯ ಕಿಡಿ ಸಾಕು. ನೆಲದಲ್ಲಿ ಗೂಡು ಕಟ್ಟಿದ ಹಕ್ಕಿ, ಹುಲ್ಲಿನಲ್ಲಿ ಬಚ್ಚಿಟ್ಟ ಮರಿ, ತಲೆಮಾರುಗಳಿಂದ ನಾಟಿ ವೈದ್ಯರು ಅರಸಿಕೊಂಡು ಬರುವ ಔಷಧಿ ಸಸ್ಯಗಳು ಎಲ್ಲವೂ ಒಂದು ಮಧ್ಯಾಹ್ನದಲ್ಲಿ ಬೂದಿಯಾಗುತ್ತವೆ. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಈ ಗುಡ್ಡ ಅಭಯಾರಣ್ಯವಾದ ಬಗೆಯನ್ನು ಇಲ್ಲಿ ನಡೆಯುವವರು ತಿಳಿದಿರಬೇಕು. ಇಲ್ಲಿನ ನೆಲದಡಿ ಕಬ್ಬಿಣವಿದೆ, ಚಿನ್ನವಿದೆ. ಕಬುಲಾಯತಕಟ್ಟಿಯ ಸುತ್ತ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಚಿನ್ನದ ಗಣಿ ಕೆಲಸ ನಡೆದಿತ್ತು. 2015ರ ಕೊನೆಯಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿತು, ಮರುವರ್ಷವೇ ಅದನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರುವರಿಯಲ್ಲಿ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. ಅದೇ ಏಪ್ರಿಲ್‌ನಲ್ಲಿ ಘೋಷಣೆ ಮರಳಿ ಬಂತು. ಸ್ವಾಮೀಜಿ 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೊಮೀಟರ್ ಪ್ರದೇಶ ವನ್ಯಜೀವಿಧಾಮವಾದದ್ದನ್ನು ನೋಡಲು ಅವರಿರಲಿಲ್ಲ. ಈಗ ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ, ನಂದಿವೇರಿ ಮಠಕ್ಕೆ ಭಕ್ತರ ದಾರಿಯಲ್ಲಿ ಹೋಗುವುದು ಬೇರೆ, ಒಳಗಿನ ಸಾಲುಗಳಲ್ಲಿ ಮನಸ್ಸಿಗೆ ಬಂದಂತೆ ತಿರುಗಿ ರಾತ್ರಿ ತಂಗುವುದು ಬೇರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹೊರಡುವ ಮುಂಚೆ ಗದುಗಿನ ಅರಣ್ಯ ಕಚೇರಿಗೆ ಹೋಗಿ ಕೇಳಿ. ಯಾವ ಕಣಿವೆಯಲ್ಲಿ ನೀರು ಉಳಿದಿದೆ, ಎಲ್ಲಿ ಬೆಂಕಿ ಬಿದ್ದಿದೆ, ಯಾವ ಊರ ಬದಿಗೆ ಚಿರತೆ ಓಡಾಡುತ್ತಿದೆ ಎಂಬ ವರ್ತಮಾನವೂ ಅಲ್ಲೇ ಸಿಗುತ್ತದೆ.

ಕಬ್ಬಿಣದ ಅದಿರಿನಿಂದ ನಡೆಯುವವರಿಗೆ ಎರಡು ತೊಂದರೆ. ಒಂದು, ಅಂಥ ಬಂಡೆಯ ಹತ್ತಿರ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳಬಹುದು. ಹೊತ್ತಿನ ನೆರಳು ನೋಡಿ ದಿಕ್ಕು ತಾಳೆ ಹಾಕಿಕೊಳ್ಳಿ. ಫೋನಿನಲ್ಲಿ ಮುಂಚೆಯೇ ನಕ್ಷೆ ಇಳಿಸಿಕೊಂಡಿರಿ, ಕಣಿವೆಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಎರಡು, ಆ ಕಲ್ಲಿನ ಅಂಚು ಹರಿತ. ಜಾಗಿಂಗಿಗೆಂದು ಕೊಂಡ ಮೆತ್ತನೆಯ ತಳದ ಬೂಟು ಎರಡು ದಿನಕ್ಕೆ ಬಾಯಿ ಬಿಡುತ್ತದೆ. ತಳ ಗಟ್ಟಿ, ಮೇಲ್ಭಾಗ ಹಗುರ, ಬೆರಳ ಮುಂದೆ ಅರ್ಧ ಇಂಚು ಜಾಗ, ಹರಡಿಗೆ ಆಸರೆ: ಬೂಟಿಗೆ ಇಷ್ಟು ಸಾಕು. ಹಳೆಯ ಗಣಿಯ ಕೆಲಸ ನಡೆದ ಕಡೆ ಪೊದೆಯ ಮರೆಯಲ್ಲಿ ಗುಂಡಿಗಳಿರಬಹುದು. ಕಾಲುದಾರಿ ಬಿಟ್ಟು ಇಳಿಯಬೇಡಿ.

ಗುಡ್ಡ ಇಳಿದರೆ ಮಸಾರಿ ಮುಗಿದು ಎರೆ ನೆಲ ಸಿಗುತ್ತದೆ. ಎರೆಯ ಮೇಲೆ ಒಂದು ಜೋರು ಮಳೆ ಬಿದ್ದಿತೋ, ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಕಿಲೊಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಹೊಲದ ನಡುವಿನ ಹಾದಿಯ ಆಸೆ ಬಿಟ್ಟು ಡಾಂಬರು ರಸ್ತೆಗೆ ಬನ್ನಿ. ಇಲ್ಲವೇ ಕಾಲ್ಮರಿ ಕೈಯಲ್ಲಿ ಹಿಡಿದು ನಡೆಯಿರಿ. ಆಗ ಮುಳ್ಳಿನ ಭಯ. ಜಾಲಿ, ಬಾರಿ, ಬಳ್ಳಾರಿ ಜಾಲಿ, ನೆಗ್ಗಿಲು ಎಲ್ಲವೂ ಇಲ್ಲಿವೆ. ಬಳ್ಳಾರಿ ಜಾಲಿಯ ಮುಳ್ಳು ರಬ್ಬರ್ ಚಪ್ಪಲಿ ತೂರಿಕೊಂಡು ಅಂಗಾಲಿಗೆ ಬರುತ್ತದೆ, ಒಳಗೆ ಮುರಿದರೆ ಕೀವು ಖಂಡಿತ. ಒಂದು ಒಳ್ಳೆಯ ಚಿಮಟಾ, ಸೂಜಿ, ಅಯೋಡಿನ್ ಮುಲಾಮು ಜೇಬಿನಲ್ಲಿರಲಿ. ಧನುರ್ವಾತದ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಳ್ಳಿ.

ತಲೆಗೆ ಟೊಪ್ಪಿಗೆಗಿಂತ ರುಮಾಲು ಮೇಲು. ಗಾಳಿಗೆ ಟೊಪ್ಪಿಗೆ ಹಾರುತ್ತದೆ, ಸುತ್ತಿದ ರುಮಾಲು ಹಾರುವುದಿಲ್ಲ. ಬೆಟಗೇರಿ ನೇಕಾರರ ಊರು. ಅಲ್ಲಿಯ ಅಂಗಡಿಯಲ್ಲಿ ಮೂರು ನಾಲ್ಕು ಗಜದ ತೆಳುವಾದ ಹತ್ತಿ ಬಟ್ಟೆ ಕೊಂಡರೆ ಅದೇ ರುಮಾಲು, ಅದೇ ನೀರು ಸೋಸುವ ಅರಿವೆ. ಹೆಜ್ಜೇನು ಎದ್ದಾಗ ಮುಖಕ್ಕೆ ಮುಸುಕು, ಕೈ ಮುರಿದರೆ ಜೋಳಿಗೆಯ ಕಟ್ಟು, ಹಾವು ಕಚ್ಚಿದ ಕಾಲಿಗೆ ಬಡಿಗೆ ಸೇರಿಸಿ ಕಟ್ಟುವ ಪಟ್ಟಿಯೂ ಅದೇ. ಅಂಗಿ ತುಂಬುತೋಳಿನದು, ಮಣ್ಣಿನ ಬಣ್ಣದ್ದು ಇರಲಿ.

ಕಂಬಳಿಯ ಬಗ್ಗೆ ಎರಡು ಮನಸ್ಸು. ದಖನಿ ಕುರಿಯ ಕರಿ ಉಣ್ಣೆಯ ಕಂಬಳಿ ತುಸು ನೆಂದರೂ ಬೆಚ್ಚಗಿರುತ್ತದೆ, ಕಿಡಿ ಬಿದ್ದರೆ ಧಗ್ಗನೆ ಹೊತ್ತಿಕೊಳ್ಳುವುದಿಲ್ಲ, ಹಾಸಲೂ ಹೊದೆಯಲೂ ಬರುತ್ತದೆ, ಮಳೆಗೆ ಕೊಪ್ಪೆ ಹಾಕಿಕೊಳ್ಳಬಹುದು. ಆದರೆ ತೂಕ ಎರಡು ಕಿಲೊಗೂ ಹೆಚ್ಚು. ಕುರಿಗಾರರು ಸಂಸಾರವನ್ನು ಕುದುರೆಯ ಮೇಲೆ ಹೇರಿಕೊಂಡು ಹೋಗುತ್ತಾರೆ, ನಾವು ಬೆನ್ನ ಮೇಲೆ ಹೊರಬೇಕು. ಡಿಸೆಂಬರ್, ಜನವರಿಯಲ್ಲಿ ಮಾತ್ರ ಒಯ್ಯಿರಿ. ಉಳಿದ ಕಾಲಕ್ಕೆ ಹಗುರ ಚಾದರ ಸಾಕು. ಹಿಮಾಲಯಕ್ಕೆ ಮಾಡಿದ ಮಲಗುವ ಚೀಲ ಇಲ್ಲಿ ಹೊರೆಯೇ ಹೊರತು ಬೇರೇನೂ ಅಲ್ಲ.

ಅದಕ್ಕಿಂತ ಮುಖ್ಯವಾದದ್ದು ಸೊಳ್ಳೆಪರದೆ. ಸೊಳ್ಳೆಗಿಂತ ಹೆಚ್ಚಾಗಿ ಅದು ಬೇಕಾಗುವುದು ಹಾವಿಗೆ. ನಮ್ಮಲ್ಲಿ ಜೀವ ತೆಗೆಯುವ ನಾಲ್ಕು ಹಾವುಗಳು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಊತವಿಲ್ಲ, ನೋವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆ, ಉಸಿರಿನ ತೊಂದರೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸೇರಿಸಿ ಮಲಗಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಗರಗಸ ಮಂಡಲ ಒಣ ಕಲ್ಲುನೆಲದ್ದು. ಮೊಳದುದ್ದದ, ಮಣ್ಣಿನ ಬಣ್ಣದ ಸಣ್ಣ ಹಾವು. ಕಲ್ಲಿನ ಸಂದಿಗೆ ಕೈ ಹಾಕಿದವರಿಗೆ, ಕತ್ತಲಲ್ಲಿ ಬರಿಗಾಲಲ್ಲಿ ಬಹಿರ್ದೆಸೆಗೆ ಹೋದವರಿಗೆ ಅದು ಕಚ್ಚುತ್ತದೆ. ಹೊತ್ತು ಮುಳುಗಿದ ಮೇಲೆ ಬ್ಯಾಟರಿ ಇಲ್ಲದೆ ಹತ್ತು ಹೆಜ್ಜೆಯೂ ಹೋಗಬೇಡಿ. ಹಣೆಗೆ ಕಟ್ಟುವ ಬ್ಯಾಟರಿಯಾದರೆ ಕೈ ಬಿಡುವಾಗಿರುತ್ತದೆ. ಬೆಳಿಗ್ಗೆ ಬೂಟನ್ನು ತಲೆಕೆಳಗು ಮಾಡಿ ಬಡಿದು ಹಾಕಿಕೊಳ್ಳಿ. ಕೆಂಪು ಚೇಳು ಅಡಗಿಕೊಳ್ಳಲು ಅಂಥದೇ ಕತ್ತಲು ಹುಡುಕುತ್ತದೆ. ಒಂದು ಕಾಲಕ್ಕೆ ಕೊಂಕಣದ ಹಳ್ಳಿಗಳಲ್ಲಿ ಅದರ ಕಡಿತಕ್ಕೆ ಸಾಯುತ್ತಿದ್ದವರು ಬಹಳ. ಮಹಾರಾಷ್ಟ್ರದ ಮಹಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯಿಂದ ಅದನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಗುಳಿಗೆ ಕೊಡಬೇಕಾದವರು ವೈದ್ಯರು. ನಿಮ್ಮ ಕೆಲಸ ಬೇಗ ಅವರ ಹತ್ತಿರ ಮುಟ್ಟುವುದು.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮದ್ದು ಅರೆದು ಹಚ್ಚಬೇಡಿ. ಉಂಗುರ, ಬಳೆ, ಕಾಲುಚೈನು ತೆಗೆಯಿರಿ. ಮುರಿದ ಎಲುಬಿಗೆ ಕಟ್ಟಿದಂತೆ ಆ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಬಡಿಗೆಗೆ ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ರಸ್ತೆಗೆ ತನ್ನಿ. ಹಾವನ್ನು ಹಿಡಿಯಲು ಹೋಗುವುದು ಬೇಡ. ನಾಲ್ಕೂ ಹಾವಿನ ವಿಷಕ್ಕೆ ಒಂದೇ ಪ್ರತಿವಿಷದ ಚುಚ್ಚುಮದ್ದಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆ, ಮುಂದೆ ಬೇಕಾದರೆ ಗದುಗಿನ ಜಿಮ್ಸ್. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಎಷ್ಟು ಹೊಲಮನೆಗಳಲ್ಲಿ ಲೆಕ್ಕಕ್ಕೇ ಸಿಗದ ಸಾವುಗಳಾಗಿವೆಯೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಕಚ್ಚಿದ ಮೊದಲ ಒಂದೆರಡು ತಾಸನ್ನು ಮಂತ್ರ ಹಾಕಿಸಲು ಕಳೆದುಕೊಂಡ ಮನೆಯೊಂದು ನನಗೆ ಹತ್ತಿರದಿಂದ ಗೊತ್ತು. ಆ ಹುಡುಗ ಉಳಿಯಬಹುದಿತ್ತು.

ಇನ್ನು ನೀವು ಕೇಳಿದ ಚಿರತೆ. ಇದೆ. ತೋಳ, ಕತ್ತೆಕಿರುಬ, ನರಿ, ಕಾಡುಹಂದಿ, ಮುಳ್ಳುಹಂದಿ, ಕೊಂಡುಕುರಿ, ಕೃಷ್ಣಮೃಗ ಎಲ್ಲವೂ ಇವೆ. ಇವುಗಳಲ್ಲಿ ಹೆಚ್ಚಿನವು ಹುಲ್ಲುಗಾವಲಿನ, ಕುರುಚಲು ಕಾಡಿನ ಜೀವಗಳು. ದಟ್ಟ ಕಾಡಿಗೆ ಸಿಕ್ಕ ಗೌರವ ನಮ್ಮಲ್ಲಿ ಬಯಲಿಗೆ ಸಿಕ್ಕಿಲ್ಲ. ಪಡಭೂಮಿ ಎಂದು ಸರ್ಕಾರಿ ಕಾಗದದಲ್ಲಿ ಬರೆದ ಜಾಗವೇ ತೋಳದ ಮನೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ (ಹಾವೇರಿ ಜಿಲ್ಲೆಯ ಬಂಕಾಪುರವಲ್ಲ) 332 ಎಕರೆಯಷ್ಟು ಕುರುಚಲು ನೆಲವನ್ನು ತೋಳಕ್ಕಾಗಿ ಮೀಸಲಿಟ್ಟದ್ದು ಆ ದೃಷ್ಟಿಯಿಂದ ದೊಡ್ಡ ಮಾತು. ತೋಳದ ಹೊಟ್ಟೆಪಾಡು ಕುರಿಯ ಹಿಂಡಿನ ಬೆನ್ನು ಹಿಡಿದದ್ದು, ನಡೆದು ಹೋಗುವ ದೊಡ್ಡವರ ಗೊಡವೆ ಅದಕ್ಕಿಲ್ಲ. ಕಂಡರೆ ನಿಂತು ನೋಡಿ, ಬೆನ್ನಟ್ಟಿ ಫೋಟೊ ತೆಗೆಯಬೇಡಿ. ಚಳಿಗಾಲದಲ್ಲಿ ಅದು ಗವಿ, ಬಿಲಗಳಲ್ಲಿ ಮರಿ ಹಾಕುತ್ತದೆ. ಬಿಲದ ಬಾಯಲ್ಲಿ ಎಲುಬು, ಹೆಜ್ಜೆ ಗುರುತು ಕಂಡರೆ ಹತ್ತಿರ ಸುಳಿಯಬೇಡಿ, ಜಾಗವನ್ನು ಯಾರಿಗೂ ತೋರಿಸಬೇಡಿ.

ಚಿರತೆಗೆ ಮುಸ್ಸಂಜೆಯಿಂದ ಬೆಳಗಿನವರೆಗೆ ಬಿಟ್ಟುಕೊಡಿ. ಅಷ್ಟು ಹೊತ್ತು ನಡೆಯದಿದ್ದರೆ ಮುಕ್ಕಾಲು ಪಾಲು ಅಪಾಯ ತಪ್ಪಿತು. ಮಕ್ಕಳು ಗುಂಪಿನ ನಡುವೆ ಇರಲಿ. ಎದುರಾದರೆ ಓಡಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ. ಕೂತ ಮನುಷ್ಯ ಬೇಟೆಯ ಅಳತೆಗೆ ಬರುತ್ತಾನೆ. ರುಮಾಲು ಬಿಚ್ಚಿ ತೋಳೆತ್ತಿ ದೊಡ್ಡದಾಗಿ ಕಾಣುವಂತೆ ನಿಂತು, ಗಟ್ಟಿಯಾಗಿ ಮಾತಾಡುತ್ತ, ಮುಖ ತಿರುಗಿಸದೆ ಹಿಂದೆ ಸರಿಯಿರಿ. ಕತ್ತೆಕಿರುಬ ಸತ್ತ ದನ ತಿಂದು ಊರು ಚೊಕ್ಕಟ ಇಡುವ ಪ್ರಾಣಿ. ಅದರ ಹೆಸರಿಗೆ ಮೆತ್ತಿದ ಭಯವೆಲ್ಲ ಕಟ್ಟುಕತೆ. ಮುಂಡರಗಿಯಿಂದ ಕೊಪ್ಪಳ, ಹಂಪಿ ಕಡೆ ಮುಂದುವರಿಯುವವರು ಮಾತ್ರ ಕರಡಿಯ ಸೀಮೆಗೆ ಕಾಲಿಡುತ್ತಾರೆ. ಕರಡಿಗೆ ಕಣ್ಣು ಮಂದ, ಹುತ್ತ ಬಗೆಯುವಾಗ ಮೈಮರೆತಿರುತ್ತದೆ, ಅಚಾನಕ್ಕಾಗಿ ಹತ್ತಿರ ಹೋದರೆ ಮೇಲೆ ಬೀಳುತ್ತದೆ. ಅಲ್ಲಿ ಬಂಡೆಗಳ ನಡುವೆ ಬಡಿಗೆ ಕುಟ್ಟುತ್ತ, ಮಾತಾಡುತ್ತ ನಡೆಯಿರಿ.

ನಿಜವಾಗಿ ನಡೆಯುವವರ ಮೇಲೆ ಬೀಳುವ ಪ್ರಾಣಿ ಕುರಿಹಟ್ಟಿಯ ನಾಯಿ. ತೋಳವನ್ನು ಎದುರಿಸಲೆಂದೇ ಸಾಕಿದ ನಾಯಿಗಳವು, ಕೆಲವಕ್ಕೆ ಕುತ್ತಿಗೆಗೆ ಮುಳ್ಳಿನ ಪಟ್ಟಿ ಇರುತ್ತದೆ. ಹಿಂಡು ಕಂಡ ಕೂಡಲೆ ದೂರದಲ್ಲೇ ನಿಂತು "ಅಣ್ಣಾರ, ನಾಯಿ ಹಿಡೀರಿ" ಎಂದು ಕೂಗಿ. ಕುರಿಗಾರ ಒಂದು ಶಿಳ್ಳೆ ಹಾಕಿದರೆ ಸಾಕು. ಹಿಂಡಿನ ನಡುವೆ ಹಾದು ಹೋಗಬೇಡಿ, ಬಡಿಗೆ ಎತ್ತಬೇಡಿ, ಅಡ್ಡ ಹಿಡಿದುಕೊಳ್ಳಿ. ನಾಯಿಯೋ ನರಿಯೋ ಕಚ್ಚಿದರೆ, ಉಗುರು ತಾಗಿ ರಕ್ತ ಬಂದರೂ, ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ ಕಾಲು ತಾಸು ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದು ಶುರು ಮಾಡಬೇಕು. ಇದಕ್ಕೆ ನಾಳೆ ಎಂಬುದಿಲ್ಲ.

ಹೆಜ್ಜೇನು ಬಂಡೆಯ ಚಾಚಿನಲ್ಲಿ, ದೊಡ್ಡ ಮರಗಳಲ್ಲಿ, ಹಳೆಯ ಗುಡಿಗಳ ಶಿಖರದಲ್ಲಿ ತೂಗುತ್ತದೆ. ಅತ್ತರು, ಊದುಬತ್ತಿಯ ಹೊಗೆ, ಪಟಾಕಿ ಅದನ್ನು ಎಬ್ಬಿಸುತ್ತವೆ. ಎದ್ದರೆ ಮುಖ ಮುಚ್ಚಿಕೊಂಡು ನೇರವಾಗಿ ದೂರ ಓಡಿ. ನೀರಿಗೆ ಹಾರಿದರೆ ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಚುಚ್ಚಿದ ಮುಳ್ಳನ್ನು ಉಗುರಿನಿಂದ ತಡಮಾಡದೆ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಆಸ್ಪತ್ರೆ ಬಿಟ್ಟು ಬೇರೆ ದಾರಿಯಿಲ್ಲ.

ಕಾಲಮಾನ ಯಾವುದು ಒಳ್ಳೆಯದು? ಚಿತ್ತಿ ಮಳೆ ಮುಗಿದು ಶೀಗಿ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆಯವರೆಗೆ. ಆಗ ಹಳ್ಳದಲ್ಲಿ ನೀರಿರುತ್ತದೆ, ಜೋಳ ಕಡಲೆ ಎದ್ದಿರುತ್ತವೆ, ಚರಗ ಚೆಲ್ಲುವ ದಿನ ಹೊಲದ ದಾರಿ ಹಿಡಿದರೆ ಊಟಕ್ಕೆ ಕರೆಯದೆ ಯಾರೂ ಬಿಡುವುದಿಲ್ಲ. ಮಾರ್ಚ್ ನಂತರ ಗುಡ್ಡ ಬೇಡ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಸಿಡಿಲು ಹೊತ್ತು ತರುತ್ತದೆ. ಒಂಟಿ ಮರದಡಿ ನಿಂತ ಕುರಿಗಾರರು, ಅವರ ಕುರಿಗಳು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ಬೇಸಿಗೆ ಓದುತ್ತೇವೆ. ಮೋಡ ಕಪ್ಪಾದರೆ ದಿಬ್ಬದ ನೆತ್ತಿಯಿಂದ ಇಳಿದುಬಿಡಿ, ಮರಕ್ಕೂ ಗಾಳಿಯಂತ್ರಕ್ಕೂ ದೂರವಿರಿ.

ಆದರೆ ಶ್ರೀಶೈಲದ ಪಾದಯಾತ್ರೆ ಬರುವುದೇ ಆ ಬಿಸಿಲಿಗೆ. ಅದನ್ನು ಬಿಡಿರೆಂದು ಹೇಳುವ ಹಕ್ಕು ನನಗಿಲ್ಲ, ಹೇಳುವ ಮನಸ್ಸೂ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ನಡೆದು ಹೋದ ಗಿರಿ ಅದು. ಒಂದೆರಡು ಮಾತು ಮಾತ್ರ. ಬಿಸಿಲಿಗೆ ಅಂಜಿ ರಾತ್ರಿ ನಡೆಯುವವರಿಗೆ ಲಾರಿಯಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ. ರಸ್ತೆಯ ಬಲಬದಿಗೆ, ಎದುರು ಬರುವ ಗಾಡಿಯ ದೀಪ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬೆನ್ನಿಗೂ ಕಂಬಿಗೂ ಮಿಂಚುವ ಪಟ್ಟಿ ಅಂಟಿಸಿ, ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಬರಿಗಾಲ ಹರಕೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ ದಯವಿಟ್ಟು ವೈದ್ಯರನ್ನು ಕೇಳಿ ಹೊರಡಲಿ. ಅವರ ಅಂಗಾಲಿಗೆ ಕಾದ ಡಾಂಬರಿನ ಸುಡುವಿಕೆಯೇ ತಿಳಿಯದೆ ಹೋಗಬಹುದು. ಹೊರಡುವ ಮುಂಚೆ ಬೆರಳ ಸಂದಿಗೆ ಔಡಲೆಣ್ಣೆ ಹಚ್ಚಿದರೆ ಉಜ್ಜುವುದು ಕಡಿಮೆ. ಎದ್ದ ಗುಳ್ಳೆಯನ್ನು ಒಡೆಯಬಾರದು, ಮೇಲೆ ಪಟ್ಟಿ ಹಚ್ಚಿ ಬಿಡಬೇಕು. ಆತ್ಮಕೂರಿನಾಚೆ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ದಾರಿ ನಲ್ಲಮಲ ಕಾಡಿನ ಹುಲಿ ಮೀಸಲು ಪ್ರದೇಶದ ಒಳಗಿನದು. ಅರಣ್ಯ ಇಲಾಖೆ ಬಿಟ್ಟ ದಿನ, ಬಿಟ್ಟ ಹೊತ್ತಿನಲ್ಲಿ ಗುಂಪಿನಲ್ಲೇ ದಾಟಿ. ದಾಸೋಹದ ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ ಆ ಕಾಡಿನಲ್ಲಿ ಉಳಿದರೆ ಜಿಂಕೆಯ ಹೊಟ್ಟೆ ಸೇರುತ್ತವೆ. ಮನೆಯಿಂದ ಒಂದು ಸ್ಟೀಲ್ ಲೋಟ ಒಯ್ಯುವುದು ಭಾರವೇ?

ಮೊದಲ ಸಲ ನಡೆಯುವವರಿಗೆ, ಮನೆಮಂದಿಯೊಡನೆ ಹೊರಡುವವರಿಗೆ ನಾನು ಹೇಳುವುದು ಗುಡ್ಡವನ್ನಲ್ಲ, ಮಾಗಡಿ ಕೆರೆಯನ್ನು. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಯಲ್ಲಿ ಹೊತ್ತು ಕಳೆದು ರಾತ್ರಿ ಊರಲ್ಲೇ ಉಳಿದು, ನಸುಕಿಗೆ ಎದ್ದು ಹೊರಟರೆ ಎರಡೂವರೆ ಮೂರು ತಾಸಿನ ಸಮತಟ್ಟು ದಾರಿ. ಶಿರಹಟ್ಟಿಯಿಂದ ಇನ್ನೂ ಹತ್ತಿರ. ನವೆಂಬರಿನಿಂದ ಮಾರ್ಚಿವರೆಗೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳಿರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. 2024ರ ಜನವರಿ ಕೊನೆಗೆ ಮಾಗಡಿ ರಾಮ್‌ಸಾರ್ ಪಟ್ಟಿ ಸೇರಿ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದಾಯಿತು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇದು ಬೆಳಗಾಗುತ್ತಲೇ ಅವು ಕೆರೆಗೆ ಮರಳುತ್ತವೆ. ಆ ಹೊತ್ತಿಗೆ ನೀವು ದಂಡೆಯ ಮೇಲಿರಬೇಕು. ಬ್ಯಾಟರಿ ಆರಿಸಿ, ಬಣ್ಣದ ಜಾಕೀಟು ಚೀಲಕ್ಕೆ ಹಾಕಿ, ಡ್ರೋನು ಮನೆಯಲ್ಲೇ ಬಿಡಿ. ನೀರಿನ ಅಂಚಿಗೆ ಇಳಿಯಬೇಡಿ. ಒಂದು ಹಕ್ಕಿ ಕತ್ತೆತ್ತಿತೆಂದರೆ ನೀವು ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ ಎಂದು ಲೆಕ್ಕ, ಅಲ್ಲಿಂದ ಹತ್ತು ಮಾರು ಹಿಂದೆ ಸರಿದು ಕೂತುಕೊಳ್ಳಿ. ಮಕ್ಕಳ ಕೈಗೆ ಒಂದು ದುರ್ಬೀನು ಕೊಡಿ, ಬುತ್ತಿ ಬಿಚ್ಚುವುದು ಹಕ್ಕಿಗಳೆಲ್ಲ ಇಳಿದು ಮುಗಿದ ಮೇಲಾಗಲಿ.